ಹಿರೇಗುಡ್ಡದ ಕರಿಬಂಡೆಗೆ ಕಂಚಿನ ದನಿ

ಬಳ್ಳಾರಿ ಪಕ್ಕದ ಸಂಗನಕಲ್ಲು–ಕಪ್ಪಗಲ್ಲು ಸೀಮೆಯ ಹಿರೇಗುಡ್ಡ ಗ್ರಾನೈಟಿನದು. ಅದನ್ನು ಸೀಳಿಕೊಂಡು ಕಡುಗಪ್ಪು ಡಾಲರೈಟಿನ ಪಟ್ಟಿಯೊಂದು ಹಾದುಹೋಗಿದೆ. ಒಂದರ ಮೇಲೊಂದು ಒರಗಿದ ಆ ಕರಿಬಂಡೆಗಳಲ್ಲಿ ಕೆಲವಕ್ಕೆ ನುಣುಪಾದ ಕುಳಿಗಳಿವೆ. ನಮ್ಮ ಜೊತೆ ಹತ್ತಿದ್ದ ಕುರಿ ಕಾಯುವ ಹಿರಿಯರು, 'ಕೇಳ್ರಿ ಇಲ್ಲಿ' ಎಂದು ಅಂಥದೊಂದು ಕುಳಿಯನ್ನು ಬೆಣಚುಕಲ್ಲಿನಿಂದ ಮೆಲ್ಲಗೆ ತಟ್ಟಿದರು. ದೇವಸ್ಥಾನದ ಜಾಗಟೆಯ ಹಾಗೆ ಠಣ್ ಎಂದಿತು! ಪಕ್ಕದ ಕುಳಿಯದು ಬೇರೆಯೇ ಸ್ವರ. ಆ ದನಿ ಇನ್ನೂ ನನ್ನ ಕಿವಿಯಲ್ಲಿದೆ.

ಡಾಲರೈಟಿನ ಹರಳುಗಳು ಸಣ್ಣವು, ಕಲ್ಲು ಬಲು ಗಟ್ಟಿ. ಬಿರುಕಿಲ್ಲದ ಬಂಡೆ ಎರಡು ಮೂರು ಕಡೆ ಮಾತ್ರ ಆಸರೆ ಪಡೆದು ಕೂತಿದ್ದರೆ ಇಡೀ ಬಂಡೆ ಕಂಪಿಸುತ್ತದೆ. ಇದೇ ಕಲ್ಲಿನಿಂದ ನಾಲ್ಕು ಸಾವಿರ ವರ್ಷಗಳ ಹಿಂದಿನ ಜನ ಇದೇ ಗುಡ್ಡದಲ್ಲಿ ಕೊಡಲಿ ಮಾಡಿದರು, ಇದರ ಮೈಮೇಲೆಯೇ ನೀಳಕೊಂಬಿನ ಡುಬ್ಬದ ಎತ್ತುಗಳನ್ನು ಕುಟ್ಟಿ ಮೂಡಿಸಿದರು. ಬಂಡೆ ಬಾರಿಸಿದ್ದು ಪೂಜೆಗೇ ಇರಬೇಕು ಎಂಬ ವಿದ್ವಾಂಸರ ಊಹೆಯನ್ನು ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ದನ ಕಾಯುವ ಹುಡುಗರಿಗೆ ಹಾಡೂ ಬೇಕು, ಹೊತ್ತೂ ಹೋಗಬೇಕು.

ಈ ಕೊಡಲಿ ಕಾರ್ಖಾನೆಯನ್ನು ಲೋಕಕ್ಕೆ ತೋರಿಸಿದವರಲ್ಲಿ ಮೊದಲಿಗರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1851ರಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಬೇಕಿದ್ದುದು ಮುಖ್ಯವಾಗಿ ಕಲ್ಲಿದ್ದಲು. ಅದರ ನೌಕರ ಫೂಟ್ 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಆಯುಧ ಹೆಕ್ಕಿದರು. ಧಾರವಾಡ ಶಿಲಾಸಮೂಹಕ್ಕೆ ಆ ಹೆಸರು ಕೊಟ್ಟವರೂ ಇವರೇ. ಕಲ್ಲು ಯಾವ ಜಾತಿಯದು, ಎಲ್ಲಿಯದು, ಇಲ್ಲಿಗೆ ಹೇಗೆ ಬಂತು ಎಂದು ದಿನವೂ ಕೇಳಿಕೊಳ್ಳುವ ಕಣ್ಣಿಗಲ್ಲದೆ ಪಲ್ಲಾವರದ ಆ ಆಯುಧ ಬೇರೆ ಯಾರಿಗೆ ಕಂಡೀತು? ನಮ್ಮ ಪ್ರಾಗಿತಿಹಾಸ ಶುರುವಾದದ್ದು ಭೂವಿಜ್ಞಾನಿಯ ಸುತ್ತಿಗೆಯಿಂದ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಬಳ್ಳಾರಿಯ ಬೂದಿಗುಡ್ಡಗಳ ಕಥೆಯೂ ಹೀಗೇ. ಹಂಪಿ ಸಮೀಪದ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತಾಭಸ್ಮ ಎನ್ನುತ್ತಾರೆ. ಕರಗಿ ಗಾಜಿನಂತಾದ ಬೂದಿ ನೋಡಿ ಹಿಂದಿನವರು ಏನೇನೋ ತರ್ಕಿಸಿದ್ದರು. ಅದು ಸುಟ್ಟ ಸಗಣಿ ಎಂದು ಫೂಟ್ ಗುರುತಿಸಿದರು. 1957ರಲ್ಲಿ ತೆಲಂಗಾಣದ ಉಟ್ನೂರಿನ ದಿಬ್ಬ ಅಗೆದ ಪುರಾತತ್ವಜ್ಞ ಆಲ್ಚಿನ್ ಅವರಿಗೆ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಇವು ದೊಡ್ಡಿಗಳಾಗಿದ್ದ ಜಾಗಗಳು.

ಹಿರೇಗುಡ್ಡದ ಸುತ್ತ ಕಲ್ಲುಗಣಿಗಾರಿಕೆ ಗುಡ್ಡವನ್ನು ಕಡಿದು ತಿಂದಿದೆ. ನನಗೆ ಸಂಕಟವಾಗುವುದು ಅದಕ್ಕೇ. ಚಿತ್ರವಿರುವ ಬಂಡೆಗಳನ್ನಷ್ಟೇ ಕಾದರೆ ಸಾಲದು. ಒರಗಿದ ಬಂಡೆ ಕದಲಿದರೆ, ಕೂದಲೆಳೆಯಷ್ಟು ಬಿರಿದರೆ ದನಿ ಹೋಗುತ್ತದೆ. ಡಾಲರೈಟಿನ ಪಟ್ಟಿ ಇಡಿಯಾಗಿ ಉಳಿಯಬೇಕು, ಕೊಡಲಿ ಕೆತ್ತಿದ ಚೂರುಗಳ ರಾಶಿಯೂ ಸೇರಿ.