ಮಾನವ ಅಭಿವೃದ್ಧಿ ಸೂಚ್ಯಂಕ: ಬಾಗಲಕೋಟೆ ಜಿಲ್ಲೆಯ ನಾಗರಿಕರಿಗೆ ಮಾಹಿತಿ

ಇಳಕಲ್‌ನಲ್ಲಿ ನೇಯ್ದ ಸೀರೆಗಳ ಮೌಲ್ಯವು ಜಿಲ್ಲೆಯ ಆದಾಯದ ಲೆಕ್ಕಕ್ಕೆ ಸೇರುತ್ತದೆ. ಆದರೆ ನೇಕಾರರ ಆರೋಗ್ಯ ಹಾಗೂ ಅವರ ಮಕ್ಕಳ ಶಿಕ್ಷಣದ ಸ್ಥಿತಿಯು ಅದರಿಂದ ತಿಳಿಯುವುದಿಲ್ಲ. ಆದ್ದರಿಂದ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 1990ರಲ್ಲಿ ಆಯುಷ್ಯ, ಶಿಕ್ಷಣ ಮತ್ತು ಆದಾಯವನ್ನು ಒಳಗೊಂಡ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ಪ್ರಕಟಿಸಿತು.

ಕರ್ನಾಟಕ ಸರ್ಕಾರವು 1999 ಹಾಗೂ 2005ರ ಮಾನವ ಅಭಿವೃದ್ಧಿ ವರದಿಗಳಲ್ಲಿ ಜಿಲ್ಲೆಗಳನ್ನು ಇದೇ ಮಾನದಂಡದಿಂದ ಅಳೆದಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ 35 ಸೂಚಕಗಳನ್ನು ಬಳಸಿ ಹಿಂದುಳಿದ 114 ತಾಲ್ಲೂಕುಗಳನ್ನು ಗುರುತಿಸಿತು.

ಇಂತಹ ಅಳತೆಗೆ ನಾಗರಿಕರು ನೀಡುವ ಮಾಹಿತಿಯೂ ಆಧಾರವಾಗಿದೆ. ಬಾಗಲಕೋಟೆ, ಬಾದಾಮಿ, ಹುನಗುಂದ ಹಾಗೂ ಇಳಕಲ್ ತಾಲ್ಲೂಕುಗಳ ನಾಗರಿಕರು ಜನನ, ಮರಣಗಳನ್ನು 21 ದಿನಗಳೊಳಗೆ ನೋಂದಣಿಗೆ ತಿಳಿಸತಕ್ಕದ್ದು. ದಾಖಲಾಗದ ಹಸುಗೂಸಿನ ಮರಣದೊಂದಿಗೆ ಆ ಊರಿನ ಆರೋಗ್ಯ ಸೌಲಭ್ಯದ ಕೊರತೆಯೂ ಲೆಕ್ಕದಿಂದ ಮರೆಯಾಗುತ್ತದೆ.