ಅನಂಗನಿಗೆ ಅಂಗ: ಅತಿವಾಸ್ತವವಾದಿ ಕಂಚಿನ ಶಿಲ್ಪ ಮತ್ತು ಗದಗ ಪರಿಸರದ ಕಾಮ–ರತಿ

ಪ್ರೇಮಕ್ಕೆ ತನ್ನದೇ ಆದ ಆಕಾರವಿಲ್ಲ. ಅದನ್ನು ಶಿಲ್ಪದಲ್ಲಿ ಮೂಡಿಸಲು ಸಹಜ ದೇಹವನ್ನು ಮೀರಿದ ಸಂಕೇತಗಳು ಬೇಕಾಗುತ್ತವೆ. ಆಂದ್ರೆ ಬ್ರೆತಾನ್ 1924ರಲ್ಲಿ ಪ್ಯಾರಿಸ್ಸಿನಲ್ಲಿ ಹೊರತಂದ ಪ್ರಣಾಳಿಕೆಯಿಂದ ಖಚಿತರೂಪ ಪಡೆದ ಅತಿವಾಸ್ತವವಾದವು ಇಂಥ ಸಂಕೇತಗಳನ್ನು ಕನಸು ಹಾಗೂ ಸುಪ್ತಮನಸ್ಸಿನಲ್ಲಿ ಅರಸಿತು. ಗದಗ ಪರಿಸರದ ಜನಪದರು ಅವನ್ನು ಪುರಾಣ ಮತ್ತು ಆಚರಣೆಗಳಲ್ಲಿ ಕಂಡುಕೊಂಡರು. ಇವೆರಡರ ಸಾಮ್ಯ–ವೈಷಮ್ಯಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮ್ಯಾಕ್ಸ್ ಅರ್ನ್ಸ್ಟ್ 1944ರಲ್ಲಿ ಪ್ಲಾಸ್ಟರಿನಲ್ಲಿ ರೂಪಿಸಿದ, ಅನಂತರ ಕಂಚಿನಲ್ಲಿ ಎರಕಗೊಂಡ ‘ರಾಣಿಯೊಡನೆ ಆಡುತ್ತಿರುವ ರಾಜ’ ಶಿಲ್ಪದಲ್ಲಿ ಕೊಂಬುಳ್ಳ ರಾಜನೇ ಚದುರಂಗದ ಕಾಯಿಯೂ ಹೌದು, ಆಟಗಾರನೂ ಹೌದು. ರಾಣಿಯತ್ತ ಚಾಚಿದ ಅವನ ಕೈ ರಕ್ಷಣೆಯ ಸಂಕೇತವೋ ಒಡೆತನದ್ದೋ ಎಂಬುದು ಅನಿಶ್ಚಿತವಾಗಿಯೇ ಉಳಿಯುತ್ತದೆ. ಸಾಲ್ವಡಾರ್ ಡಾಲಿ 1936ರಲ್ಲಿ ಪ್ರೇಮದೇವತೆ ವೀನಸ್ಸಳ ಮೈಗೆ ಡ್ರಾಯರುಗಳನ್ನು ಅಳವಡಿಸಿದನು. 1964ರಲ್ಲಿ ಈ ಕೃತಿಯೂ ಕಂಚಿಗಿಳಿಯಿತು. ಇಲ್ಲಿ ಬಯಕೆಯು ಬಚ್ಚಿಟ್ಟ ವಸ್ತುವಾಗಿದೆ.

ಸಂಬಂಧವಿಲ್ಲದ ವಸ್ತುಗಳನ್ನು ಒಂದುಗೂಡಿಸುವ ಈ ಕ್ರಮ ನಮ್ಮ ಪರಂಪರೆಗೆ ಹೊಸತಲ್ಲ. ಮನ್ಮಥನ ಬಿಲ್ಲು ಕಬ್ಬು, ಹೆದೆ ದುಂಬಿಗಳ ಸಾಲು, ಬಾಣಗಳು ಹೂವು. ಶಿವನ ಉರಿಗಣ್ಣಿಗೆ ಸುಟ್ಟುಹೋದ ಅವನು ಅನಂಗ, ಎಂದರೆ ದೇಹವಿಲ್ಲದವನು. ದೇಹವಿಲ್ಲದವನಿಗೆ ದೇಹ ಕೊಡುವುದೇ ಹೋಳಿಯ ಕಾರ್ಯ. ಗದಗಿನ ಕಿಲ್ಲಾ ಭಾಗದಲ್ಲಿ ಕೂಡಿಸುವ ಕಾಮ–ರತಿಯರ ಜೋಡಿಗೆ ಭಕ್ತರು ತಮ್ಮ ಮನೆಯ ಬಂಗಾರವನ್ನೇ ತೊಡಿಸುತ್ತಾರೆ. ಮದುವೆಗಾಗಿ, ಸಂತಾನಕ್ಕಾಗಿ ಹರಕೆ ಹೊರುತ್ತಾರೆ. ಶಿರಹಟ್ಟಿ, ಮುಂಡರಗಿ ಸೀಮೆಯ ಹಳ್ಳಿಗಳಲ್ಲಿ ಕುಳ್ಳು–ಕಟ್ಟಿಗೆ ಒಟ್ಟಿ, ಹಲಗೆ ಬಾರಿಸಿ, ಕಾಮನನ್ನು ಸುಡುತ್ತಾರೆ. ಪೂಜೆ ಮತ್ತು ದಹನ ಒಂದೇ ಆಚರಣೆಯ ಎರಡು ಮುಖಗಳು.

ಕಾಮನನ್ನು ಸುಟ್ಟ ಶಿವನೇ ಲಕ್ಷ್ಮೇಶ್ವರದ ಸೋಮೇಶ್ವರನಾಗಿ ಪಾರ್ವತಿಯೊಡನೆ ನಂದಿಯನ್ನೇರಿದ್ದಾನೆ. ಶೈವ ವರ್ತಕ ಆದಯ್ಯ ಈ ಪುಲಿಗೆರೆಯಲ್ಲಿ ಜೈನ ಕನ್ಯೆ ಪದ್ಮಾವತಿಯನ್ನು ಒಲಿದನು. ಮುಂದೆ ಸೌರಾಷ್ಟ್ರದಿಂದ ಸೋಮನಾಥನನ್ನು ಇಲ್ಲಿಗೆ ಕರೆತಂದನು ಎಂಬುದು ಐತಿಹ್ಯ. ಹರಿಹರ, ರಾಘವಾಂಕರಿಬ್ಬರೂ ಇದನ್ನು ಕಾವ್ಯವಾಗಿಸಿದ್ದಾರೆ. ದಂಪತಿರೂಪದ ಈ ವಿಗ್ರಹವನ್ನು ಆ ಒಲವಿನ ಕಥೆಯಿಂದ ಬೇರ್ಪಡಿಸಿ ಓದಲಾಗದು.

ಅತಿವಾಸ್ತವವಾದಿಯ ಕನಸು ವ್ಯಕ್ತಿನಿಷ್ಠವಾದುದು. ಕಂಚು ಅದನ್ನು ಸ್ಥಿರಗೊಳಿಸುತ್ತದೆ. ಜನಪದರ ಕನಸು ಸಾಮುದಾಯಿಕವಾದುದು. ವರ್ಷಕ್ಕೊಮ್ಮೆ ಉರಿದು ಮತ್ತೆ ಹುಟ್ಟುತ್ತದೆ. ಆದ್ದರಿಂದ ಕಾಮ–ರತಿಯರನ್ನು ಕೇವಲ ಕಲಾವಸ್ತುಗಳೆಂದು ದಾಖಲಿಸಿದರೆ ಸಾಲದು. ಹರಕೆ, ಹಲಗೆ, ಬೂದಿಗಳೂ ದಾಖಲಾಗಬೇಕು. ಇಲ್ಲವಾದರೆ ಸಂಗ್ರಹಾಲಯಕ್ಕೆ ಮೂರ್ತಿ ದಕ್ಕೀತು, ಪ್ರೇಮದ ಸಂಕೇತ ದಕ್ಕಲಾರದು.