11 ಪೊಲೀಸ್ ಪಡೆ ಒಂದಾದ ಕಥೆ

ನಿನ್ನೆವರೆಗೆ ಲಾಠಿ ಬೀಸಿದವರ ಹತ್ತಿರವೇ ಇವತ್ತು ದೂರು ಕೊಡೋಕೆ ಹೋಗೋದು ಹೇಗೆ? 1994ರಲ್ಲಿ ದಕ್ಷಿಣ ಆಫ್ರಿಕಾದ ಕಪ್ಪು ಜನರಿಗೆ ಎದುರಾದ ಪ್ರಶ್ನೆ ಇದು.

ವರ್ಣಭೇದ ಆಡಳಿತ ಮುಗಿದಾಗ ಅಲ್ಲಿದ್ದದ್ದು ಒಂದಲ್ಲ, 11 ಪೊಲೀಸ್ ಪಡೆ. ಮಂಡೇಲಾ ಸರ್ಕಾರ ಹಳಬರನ್ನೆಲ್ಲ ಮನೆಗೆ ಕಳಿಸಲಿಲ್ಲ. 1995ರ ಕಾನೂನಿನಡಿ ಎಲ್ಲವನ್ನೂ ಒಂದು ಮಾಡಿತು.

ಸೇನೆಯಂಥ ಹುದ್ದೆಗಳ ಹೆಸರು ಹೋಯಿತು. ಠಾಣೆಗಳ ಜೊತೆ ಸ್ಥಳೀಯರ ಸಮಿತಿಗಳು ಬಂದವು. ಪೊಲೀಸರ ಮೇಲಿನ ದೂರು ವಿಚಾರಿಸೋಕೆ 1997ರಲ್ಲಿ ಸ್ವತಂತ್ರ ಸಂಸ್ಥೆಯೇ ಶುರುವಾಯಿತು.

ಆದರೆ ಅಪರಾಧದ ಭಯ ಇದ್ದೇ ಇತ್ತು. ‘ಇನ್ನೂ ಬಿಗಿ ಮಾಡಿ’ ಅನ್ನೋ ಒತ್ತಡಕ್ಕೆ 2010ರಲ್ಲಿ ಪೊಲೀಸರಿಗೆ ಸೇನೆಯಂಥ ಹುದ್ದೆಗಳ ಹೆಸರು ವಾಪಸ್ ಬಂತು. 2012ರ ಆಗಸ್ಟ್ 16, ಮರಿಕಾನಾ ಎಂಬ ಗಣಿ ಊರು: ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಮೇಲೆ ಪೊಲೀಸರ ಗುಂಡು. 34 ಸಾವು.

ಸುಧಾರಣೆ ಕಾನೂನಿನಿಂದ ಶುರುವಾಗಬಹುದು. ಉಳಿಯೋದು ಲೆಕ್ಕ ಕೇಳುವವರಿದ್ದರೆ ಮಾತ್ರ.